ಚುಕ್ಕಾಣಿಯವನ ಬೆನ್ನ ಹಿಂದಿನ ದನಿ

ನಮ್ಮ ಕಡೆ ಹುಡುಗರು ಕರಾವಳಿ ಕಾವಲು ಪಡೆಗೆ ಸೇರಬೇಕು ಅಂತ ಹೊರಟರೆ ಯಾರಾದರೂ ನನ್ನ ಮನೆ ತೋರಿಸಿ ಕಳಿಸ್ತಾರೆ. ತಿಪಟೂರು, ಹುಳಿಯಾರು, ಹಂದನಕೆರೆ ಕಡೆಯಿಂದೆಲ್ಲ ಬತ್ತಾರೆ. ದಬ್ಬೇಘಟ್ಟದಲ್ಲಿ ಬಸ್ಸಿಳಿದು ‘ಸಮುದ್ರದ ಬಸವರಾಜಣ್ಣನ ಮನೆ’ ಅಂದ್ರೆ ಸಾಕು, ತೋಟದ ತನಕ ಬಿಟ್ಟು ಹೋಗ್ತಾರೆ. ಬಂದೋರು ಕೇಳೋದು ಎಲ್ಲ ಒಂದೇ ತರದ್ದು. ಎಷ್ಟು ದೂರ ಓಡಿಸ್ತಾರೆ, ಈಜು ಬರದಿದ್ರೆ ನಡೆಯುತ್ತಾ, ಊಟಕ್ಕೆ ಮುದ್ದೆ ಸಿಗುತ್ತಾ, ಹಬ್ಬಕ್ಕೆ ರಜಾ ಕೊಡ್ತಾರಾ. ಈಜು ಅವರೇ ಕಲಿಸ್ತಾರೆ ಕಣ್ರಪ್ಪ, ಮುದ್ದೆ ಮಾತ್ರ ಮರೆತುಬುಡಿ ಅಂತೀನಿ. ಆದ್ರೆ ಕೇಳಬೇಕಾದ ಮಾತನ್ನ ಇದುವರೆಗೂ ಒಬ್ಬನೂ ಕೇಳಿಲ್ಲ. ಅಲ್ಲಿ ನಮ್ಮನ್ನ ಆಳೋರು ಎಂಥೋರು ಅಂತ. ಯಾರೂ ಕೇಳದಿದ್ರೂ ಹೇಳಿಬಿಡಬೇಕು ಅಂತ ಇದನ್ನ ಬರೆಯೋಕೆ ಕೂತಿದ್ದೀನಿ.

ನಾನು ಹಡಗಿನ ಚುಕ್ಕಾಣಿ ಹಿಡಿತಿದ್ದೋನು. ಹಡಗಿನ ಮೇಲ್ಗಡೆ ಗಾಜಿನ ಕೋಣೆ ಇರುತ್ತಲ್ಲ, ಅದಕ್ಕೆ ಬ್ರಿಜ್ಜು ಅಂತಾರೆ. ಅಲ್ಲಿ ಚಕ್ರ ಹಿಡಿದು ನಿಂತರೆ ಕಣ್ಣು ದಿಕ್ಸೂಚಿ ಮೇಲೇ ಇರಬೇಕು. ತಲೆ ತಿರುಗಿಸಿ ನೋಡೋ ಹಾಗಿಲ್ಲ. ಹಿಂದುಗಡೆ ಕ್ಯಾಪ್ಟನ್ ನಿಂತಿರ್ತಾರೆ, ಅವರು ಹೇಳಿದ ಕಡೆ ತಿರುಗಿಸೋದಷ್ಟೇ ನಮ್ಮ ಕೆಲಸ. ಹಾಗಾಗಿ ನನ್ನ ಮೇಲಧಿಕಾರಿಗಳನ್ನ ನಾನು ಮುಖಕ್ಕಿಂತ ದನಿಯಿಂದಲೇ ಚೆನ್ನಾಗಿ ಬಲ್ಲೆ. ಹೆದರಿರೋ ದನಿ ಯಾವುದು, ಹೆದರಿಸೋ ದನಿ ಯಾವುದು, ಗೊತ್ತಿಲ್ಲದೆ ಗೊತ್ತಿರೋ ಹಾಗೆ ಮಾತಾಡೋ ದನಿ ಯಾವುದು, ಎಲ್ಲ ಕುತ್ತಿಗೆ ಹಿಂದಿನ ಕೂದಲಿಗೇ ಗೊತ್ತಾಗ್ತಿತ್ತು.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಹಿಂದಿನಿಂದ ‘ಸ್ಟಾರ್‌ಬೋರ್ಡ್ ಟೆನ್’ ಅಂತ ಬಂದ್ರೆ, ಬಲಕ್ಕೆ ಹತ್ತು ಡಿಗ್ರಿ ತಿರುಗಿಸು ಅಂತ ಅರ್ಥ, ನಾವು ಮೊದಲು ಗಟ್ಟಿಯಾಗಿ ‘ಸ್ಟಾರ್‌ಬೋರ್ಡ್ ಟೆನ್, ಸಾರ್’ ಅಂತ ಅದನ್ನೇ ತಿರುಗಿ ಹೇಳಬೇಕು. ಆಮೇಲೆ ಚಕ್ರ ತಿರುಗಿಸಬೇಕು. ಹೇಳಿದ್ದು ಸರಿಯೋ ತಪ್ಪೋ ನಮಗೆ ಬೇಡ. ಕೇಳಿದ್ದಕ್ಕೆ ಒಂದು ಮಾತು ಸೇರಿಸೋ ಹಾಗಿಲ್ಲ, ಒಂದು ಮಾತು ಬಿಡೋ ಹಾಗಿಲ್ಲ. ಈ ಅಭ್ಯಾಸ ಎಷ್ಟು ಮೈಗೆ ಹತ್ತಿದೆ ಅಂದ್ರೆ, ನನ್ನ ಹೆಂಡತಿ ಗೌರಮ್ಮ ‘ಬರೋವಾಗ ಈರುಳ್ಳಿ ತನ್ನಿ’ ಅಂದ್ರೆ ನಾನು ‘ಬರೋವಾಗ ಈರುಳ್ಳಿ’ ಅಂತ ತಿರುಗಿ ಹೇಳಿಯೇ ಚಪ್ಪಲಿ ಮೆಟ್ಟೋದು. ಅವಳು ಮದುವೆಯಾದ ಹೊಸದರಲ್ಲಿ ಇವರಿಗೇನೋ ಕಿವಿ ಮಂದ ಅಂದ್ಕೊಂಡಿದ್ದಳಂತೆ.

ಸಮುದ್ರವನ್ನ ನಾನು ಕಣ್ಣಲ್ಲಿ ಕಂಡಿದ್ದೇ ಪಡೆಗೆ ಸೇರಿದ ಮೇಲೆ. ಅದುವರೆಗೂ ಹೇಮಾವತಿ ನಾಲೆಯೇ ದೊಡ್ಡ ನೀರು. ಮೊದಲನೇ ಹಡಗಿನಲ್ಲಿ ನನ್ನನ್ನ ಕಾವಲಿಗೆ ನಿಲ್ಲಿಸಿದ್ರು. ಎದುರಿಗೆ ಏನು ಕಂಡ್ರೂ ಕೂಗಿ ಹೇಳಬೇಕು. ವಾಂತಿ ಮಾಡಿ ಮಾಡಿ ಕಣ್ಣು ಮಂಜಾಗಿತ್ತು. ಅಷ್ಟರಲ್ಲಿ ದೂರದಲ್ಲಿ ನೀರಿನ ಮಧ್ಯೆ ನಮ್ಮೂರು ನಿಂತಿದ್ದ ಹಾಗಾಯ್ತು. ‘ಎದುರಿಗೆ ತೆಂಗಿನ ಮರ, ಸಾರ್’ ಅಂತ ಕೂಗಿಬಿಟ್ಟೆ. ಬ್ರಿಜ್ಜಿನಲ್ಲಿ ಇದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದ್ರು. ಕ್ಯಾಪ್ಟನ್ನರೇ ಎದ್ದು ಬಂದು ದುರ್ಬೀನು ಹಾಕಿ ನೋಡಿದ್ರೆ, ಮೀನುಗಾರರು ಬಲೆ ಬಿಟ್ಟ ಜಾಗಕ್ಕೆ ಗುರುತು ಅಂತ ಬಿದಿರಿನ ಗಳು ನಿಲ್ಲಿಸಿ ತುದಿಗೆ ತೆಂಗಿನ ಗರಿ ಕಟ್ಟಿದ್ರು. ಕ್ಯಾಪ್ಟನ್ ಬೈಯಲಿಲ್ಲ. ತಮ್ಮ ಇಷ್ಟು ವರ್ಷದ ನೌಕರಿಯಲ್ಲಿ ಸಮುದ್ರದಲ್ಲಿ ಮರ ಇದೆ ಅಂತ ವರದಿ ಕೊಟ್ಟ ಮೊದಲನೇ ಪುಣ್ಯಾತ್ಮ ನೀನೇ ಅಂದ್ರು. ಅವತ್ತಿನಿಂದ ನನ್ನ ಹೆಸರು ಹಿಂದಿಯಲ್ಲಿ ‘ನಾರಿಯಲ್’, ಅಂದ್ರೆ ತೆಂಗಿನಕಾಯಿ, ಅಂತ ಆಗಿ, ನಿವೃತ್ತಿ ತನಕ ಬಸವರಾಜು ಅಂತ ಕರೆದವರು ಕಮ್ಮಿ.

ಆ ಕ್ಯಾಪ್ಟನ್ ನಮ್ಮ ಪಡೆಯವರಲ್ಲ. ನೌಕಾಪಡೆಯಿಂದ ಕೆಲವು ವರ್ಷಕ್ಕೆ ಅಂತ ಬಂದೋರು. ಆಗ ಹಾಗೇ ಇತ್ತು. ನಮ್ಮ ಪಡೆ ಹೊಸದು, ಕೆಲಸ ಬಲ್ಲ ದೊಡ್ಡ ಅಧಿಕಾರಿಗಳನ್ನ ನೌಕಾಪಡೆಯಿಂದಲೇ ಕರೆಸಬೇಕಿತ್ತು. ಹಡಗಿನ ಕ್ಯಾಪ್ಟನ್ನುಗಳು ಅಲ್ಲಿಂದ ಬರೋರು, ಕೆಲವು ವರ್ಷ ಇದ್ದು ವಾಪಸ್ ಹೋಗೋರು. ದಿಲ್ಲಿಯಲ್ಲಿ ಇಡೀ ಪಡೆಯ ಮುಖ್ಯಸ್ಥರ ಕುರ್ಚಿ ಇದೆಯಲ್ಲ, ಅದರ ಮೇಲಂತೂ ಯಾವಾಗಲೂ ನೌಕಾಪಡೆಯವರೇ. ಕೆಟ್ಟೋರು ಅಂತ ನಾನು ಹೇಳ್ತಿಲ್ಲ. ಚಕ್ರ ಹಿಡಿಯೋಕೆ ನನಗೆ ಕಲಿಸಿದ್ದೇ ಅವರು. ಆದ್ರೆ ಮನೆ ನೋಡ್ಕೊಳ್ಳೋಕೆ ಬಂದ ನೆಂಟರು ಎಷ್ಟೇ ಒಳ್ಳೆಯೋರಾದ್ರೂ ಒಂದು ಕಣ್ಣು ಅವರ ಊರಿನ ಬಸ್ಸಿನ ಮೇಲೆ ಇದ್ದೇ ಇರುತ್ತೆ. ನಮ್ಮಲ್ಲೇ ಹುಟ್ಟಿ ಬೆಳೆದ ಅಧಿಕಾರಿಗಳು ನಿಧಾನಕ್ಕೆ ಮೇಲೆ ಬರ್ತಿದ್ರು. ಅವರ ಬಗ್ಗೆ ಎಲ್ಲರಿಗೂ ಒಂದು ತಾತ್ಸಾರ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ನಮ್ಮೋರೊಬ್ಬರು ಆ ಕುರ್ಚಿ ಮೇಲೆ ಕೂರೋದನ್ನ ನೋಡಿ ಸಾಯಬೇಕು ಅಂತ ಹಳೇ ನಾವಿಕರು ಮಾತಾಡ್ಕೊಳ್ಳೋರು. ನಾನೂ ಆ ಆಸೆಯನ್ನ ಅವರಿಂದಲೇ ಅಂಟಿಸಿಕೊಂಡೆ.

ಮಧ್ಯೆ ಒಬ್ಬರು ಬಂದಿದ್ರು, ಅವರ ಹೆಸರು ಬೇಡ. ಅವರು ಯಾವ ಪಡೆಯೋರು ಅನ್ನೋದೂ ಬೇಡ, ಅಂಥೋರು ಎಲ್ಲ ಕಡೆಯೂ ಇರ್ತಾರೆ. ತಪ್ಪು ಅನ್ನೋ ಪದವೇ ಅವರ ಬಾಯಲ್ಲಿ ಇರಲಿಲ್ಲ. ಒಂದು ಬೆಳಿಗ್ಗೆ ಮಂಜು ಮುಸುಕಿತ್ತು. ನಕ್ಷೆ ನೋಡ್ತಿದ್ದ ಕಿರಿಯ ಅಧಿಕಾರಿ ದಾರಿ ತಪ್ಪಿದೆ ಅಂತ ಮೆಲ್ಲಗೆ ಹೇಳಿದ. ಕ್ಯಾಪ್ಟನ್ ಕೇಳಬೇಕಲ್ಲ. ಅವರು ಹೇಳಿದ ಕಡೆ ನಾನು ತಿರುಗಿಸ್ತಾ ಹೋದೆ. ಮಂಜು ಕರಗಿದಾಗ ನಾವು ಹೋಗಬೇಕಿದ್ದ ಬಂದರು ಎಲ್ಲೂ ಇಲ್ಲ, ಎದುರಿಗೆ ಬೇರೆ ಯಾವುದೋ ಊರಿನ ದೀಪಸ್ತಂಭ. ಆ ಮಹಾನುಭಾವರು ಸ್ವಲ್ಪ ಹೊತ್ತು ಅದನ್ನ ನೋಡಿ, ‘ಸರಿ, ಈ ದೀಪಸ್ತಂಭದ ತಪಾಸಣೆ ಆಯ್ತು’ ಅಂದ್ರು. ಸಂಜೆ ಮೆಸ್ಸಿನಲ್ಲಿ ನಾವು ನಕ್ಕಿದ್ದು ನಕ್ಕಿದ್ದೇ. ಅವತ್ತು ನಗು ಬಂತು. ಆದ್ರೆ ಅಂಥ ದನಿಯನ್ನ ಬೆನ್ನ ಹಿಂದೆ ಇಟ್ಕೊಂಡು ಬಿರುಗಾಳಿಗೆ ಹೋಗೋದು ನಗೋ ವಿಷಯ ಅಲ್ಲ ಕಣ್ರಪ್ಪ.

ಅವರಾದ ಮೇಲೆ ಶಾನಭಾಗ ಸಾಹೇಬ್ರು ಬಂದ್ರು. ಉತ್ತರ ಕನ್ನಡದ ಕಡಲ ದಡದೋರು. ನಮ್ಮ ಪಡೆಗೇ ಎಳೆ ವಯಸ್ಸಿನಲ್ಲಿ ಸೇರಿ ನಮ್ಮಲ್ಲೇ ಮೇಲೆ ಬಂದೋರು. ಮೊದಲನೇ ದಿನ ಬೆನ್ನ ಹಿಂದೆ ನಿಂತು ಆರ್ಡರ್ ಕೊಟ್ಟಾಗ ನನಗೆ ಗೊಂದಲವೇ ಆಯ್ತು. ಅಷ್ಟು ಮೆತ್ತಗಿನ ದನಿ. ಪಕ್ಕದಲ್ಲಿ ಕೂತ ಮನುಷ್ಯನಿಗೆ ಉಪ್ಪು ಕೊಡು ಅಂತಾರಲ್ಲ, ಹಾಗೆ. ಆದ್ರೆ ಒಂದು ಸಲ ಹೇಳಿದ್ದನ್ನ ಎರಡನೇ ಸಲ ಹೇಳ್ತಿರಲಿಲ್ಲ, ಹೇಳಬೇಕಾಗಿಯೂ ಬರ್ತಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಕನ್ನಡ ಇಲ್ಲ. ಕೆಲಸ ಮುಗಿದ ಮೇಲೆ ಡೆಕ್ಕಿನ ಮೇಲೆ ಸಿಕ್ಕಿದ್ರೆ, ನಿಮ್ಮಲ್ಲಿ ಕೊಬ್ಬರಿಯನ್ನ ಅಟ್ಟದ ಮೇಲೆ ಎಷ್ಟು ತಿಂಗಳು ಬಿಡ್ತೀರಿ ಮಾರಾಯ, ನಮ್ಮ ಕಡೆ ಅಷ್ಟು ದಿನ ಇಟ್ರೆ ಬೂಸ್ಟು ಹಿಡಿದು ಹೋಗ್ತದೆ ಅಂತ ಶುರು ಮಾಡೋರು. ಅವರ ತೆಂಗು ಬೇರೆ, ನಮ್ಮ ತೆಂಗು ಬೇರೆ ಅಂತ ಇಬ್ಬರಿಗೂ ವಾದ. ನನ್ನ ತಾಯಿ ತೀರಿಕೊಂಡ ಸುದ್ದಿ ಬಂದಾಗ ಹಡಗು ನಡುಸಮುದ್ರದಲ್ಲಿತ್ತು. ಅವರು ಬಂದು ಪಕ್ಕದಲ್ಲಿ ನಿಂತು ಚಕ್ರ ನನ್ನ ಕೈಯಿಂದ ತಗೊಂಡು ತಾವೇ ಹಿಡಿದ್ರು. ಕ್ಯಾಪ್ಟನ್ ಚಕ್ರ ಹಿಡಿದಿದ್ದನ್ನ ನಾನು ಕಂಡಿದ್ದು ಅದೊಂದೇ ಸಲ. ಅಳೋದಕ್ಕೆ ಒಂದು ಜಾಗ ಬೇಕಲ್ಲ, ಅದನ್ನ ಬಿಟ್ಟುಕೊಟ್ರು.

ಆಗಲೇ ನಮ್ಮ ಮೆಸ್ಸಿನಲ್ಲಿ ಒಂದು ಮಾತು ಹುಟ್ಟಿತು. ನಮ್ಮೋರು ಯಾರಾದ್ರೂ ದಿಲ್ಲಿ ಕುರ್ಚಿಗೆ ಹೋಗೋದಾದ್ರೆ ಇವರೇ ಹೋಗಬೇಕು. ಬರೀ ನಾವಿಕರ ಮಾತಲ್ಲ. ಮೇಲಿನ ಅಧಿಕಾರಿಗಳೂ ಹಾಗೇ ಅಂತಿದ್ರು, ಸೇವೆಯಲ್ಲಿ ಒಂದು ಕಪ್ಪುಚುಕ್ಕೆ ಇರಲಿಲ್ಲ. ಅವರಿಗೂ ಆ ಆಸೆ ಇತ್ತು ಅಂತ ಯಾರಿಗೂ ತೋರಿಸ್ಕೊಂಡಿರಲಿಲ್ಲ. ನನಗಂತೂ ಅದು ಸ್ವಂತ ಮನೆಯ ವಿಷಯದಂತೆ ಆಗಿಬಿಡ್ತು. ಈ ದನಿ ಒಂದು ದಿನ ಇಡೀ ಪಡೆಗೆ ಆರ್ಡರ್ ಕೊಡುತ್ತೆ, ಆಗ ನಾನು ಎಲ್ಲಿದ್ರೂ ಎದೆ ಉಬ್ಬಿಸಿಕೊಂಡು ಓಡಾಡ್ತೀನಿ ಅಂತ ಲೆಕ್ಕ ಹಾಕ್ಕೊಂಡಿದ್ದೆ.

ಅದೊಂದು ಮಳೆಗಾಲದ ಶುರು. ಮೀನುಗಾರರೆಲ್ಲ ದೋಣಿ ದಡಕ್ಕೆ ಹಾಕಿ ಆಗಿತ್ತು. ಒಂದು ದೋಣಿ ಮಾತ್ರ ಕೊನೇ ಸಲ ಅಂತ ಹೋಗಿ ವಾಪಸ್ ಬರೋವಾಗ ಅಳಿವೆ ಹತ್ರ ಇಂಜಿನ್ ಕೆಟ್ಟು ನಿಂತಿತ್ತು. ಅಳಿವೆ ಅಂದ್ರೆ ಹೊಳೆ ಸಮುದ್ರ ಸೇರೋ ಬಾಯಿ. ಅಲ್ಲಿ ನೀರಿನ ಕೆಳಗೆ ಮರಳಿನ ದಿಬ್ಬ ಇರುತ್ತೆ, ಮಳೆಗಾಲದಲ್ಲಿ ಅದು ಇವತ್ತು ಇಲ್ಲಿದ್ರೆ ನಾಳೆ ಅಲ್ಲಿ. ಅಲೆಗಳು ಆ ದೋಣಿಯನ್ನ ದಿಬ್ಬದ ಕಡೆ ತಳ್ಳುತಾ ಇದ್ವು. ನಾವು ಹೋಗಿ ನೋಡೋ ಹೊತ್ತಿಗೆ ದೋಣಿಯೊಳಗೆ ನೀರು ತುಂಬಿ, ಜನ ಮೇಲಿನ ಕೋಲು ಹಿಡ್ಕೊಂಡು ನೇತಾಡ್ತಿದ್ರು. ದಡದ ಕಚೇರಿಯಿಂದ ರೇಡಿಯೋದಲ್ಲಿ ಹೇಳಿದ್ರು: ಹಡಗನ್ನ ಅಳಿವೆ ಒಳಗೆ ತಗೊಂಡು ಹೋಗಬೇಡಿ, ಬಂದರಿನಿಂದ ಚಿಕ್ಕ ದೋಣಿ ಬರೋ ತನಕ ಹೊರಗೇ ಕಾಯಿರಿ. ತಪ್ಪು ಮಾತೇನಲ್ಲ. ಹಡಗು ಮರಳಿಗೆ ಹತ್ತಿದ್ರೆ ನಮ್ಮೋರ ಪ್ರಾಣವೂ ಹೋಗಬಹುದು. ಸಾಹೇಬ್ರು ನಮ್ಮ ರಬ್ಬರ್ ದೋಣಿ ಇಳಿಸೋಕೆ ನೋಡಿದ್ರು. ಇಳಿಸಿದ ತಕ್ಷಣ ಅಲೆ ಅದನ್ನ ಮಗುಚಿ ಹಾಕಿತು. ಅದರಲ್ಲಿದ್ದ ನಮ್ಮ ಹುಡುಗರನ್ನ ಎಳೆದುಕೊಳ್ಳೋದೇ ಒಂದು ಸಾಹಸವಾಯ್ತು.

ಆಮೇಲೆ ಬೆನ್ನ ಹಿಂದಿನಿಂದ ಆರ್ಡರ್ ಬಂತು. ನೇರ ದೋಣಿ ಕಡೆಗೆ, ನಿಧಾನವಾಗಿ. ತಿರುಗಿ ಹೇಳಿದೆ, ತಿರುಗಿಸಿದೆ. ಕಿರಿಯ ಅಧಿಕಾರಿಯೊಬ್ಬರು ಬ್ರಿಜ್ಜಿನ ಹೊರಗೆ ತೆರೆದ ಜಾಗದಲ್ಲಿ ನಿಂತು ನೀರು ನೋಡ್ತಿದ್ರು. ನೀರು ಕೆಂಪಗಾಯ್ತು, ಅಡಿಯ ಮರಳು ಏಳ್ತಿತ್ತು. ಅವರು ಗಾಳಿಯಲ್ಲಿ ಕಿರುಚಿ ಹೇಳಿದ್ರು, ಆಳ ಸಾಲದು ಸಾರ್, ಹಿಂದಕ್ಕೆ ತಗೊಳ್ಳೋಣ ಅಂತ. ಬೆನ್ನ ಹಿಂದಿನಿಂದ ಅದೇ ಉಪ್ಪು ಕೇಳೋ ದನಿ ಬಂತು. ‘ಐ ನೋ. ಸ್ಟೆಡಿ.’ ಗೊತ್ತು ನನಗೆ, ಹೀಗೇ ನಡೆಸು ಅಂತ. ನಾನು ‘ಸ್ಟೆಡಿ, ಸಾರ್’ ಅಂದೆ. ‘ಐ ನೋ’ ಅನ್ನೋದು ಆರ್ಡರ್ ಅಲ್ಲವಲ್ಲ, ಅದನ್ನ ತಿರುಗಿ ಹೇಳೋ ಪದ್ಧತಿ ಇಲ್ಲ. ಅದು ಅವರ ಬಾಯಿಂದ ಹೊರಟು ನನ್ನ ಕಿವಿಯಲ್ಲೇ ನಿಂತಿತು.

ಹಗ್ಗ ಎಸೆದು ದೋಣಿಯೋರನ್ನೆಲ್ಲ ಎಳೆದುಕೊಂಡ್ವಿ. ಒಬ್ಬನ ಪ್ರಾಣವೂ ಹೋಗಲಿಲ್ಲ. ಕೊನೆಗೆ ಹತ್ತಿದವನು ಆ ದೋಣಿಯ ಮುದಿ ತಂಡೇಲ, ಅಂದ್ರೆ ದೋಣಿ ನಡೆಸೋ ಯಜಮಾನ. ಅವನು ಡೆಕ್ಕಿನ ಮೇಲೆ ಕಾಲಿಟ್ಟು ಬಗ್ಗಿ ಹಡಗನ್ನ ಮುಟ್ಟಿ ಕಣ್ಣಿಗೊತ್ತಿಕೊಂಡ ಅಂತ ಆಮೇಲೆ ಕೇಳಿದೆ. ನನಗೆ ನೋಡೋಕೆ ಆಗಲಿಲ್ಲ, ನನ್ನ ಕಣ್ಣು ದಿಕ್ಸೂಚಿ ಮೇಲಿತ್ತು. ಅಷ್ಟರಲ್ಲೇ ಕಾಲ ಕೆಳಗೆ ಹಡಗು ನರಳಿತು. ಹಿಂದಕ್ಕೆ ಬರೋವಾಗ ಅಡಿ ಮರಳಿಗೆ ತಾಗಿ ಹಡಗನ್ನ ತಳ್ಳೋ ಹಿಂದಿನ ಪಂಖ ಬಗ್ಗಿಹೋಗಿತ್ತು. ಹೇಗೋ ಹೊರಗೆ ಬಂದ್ವಿ, ಬೇರೆ ಹಡಗು ಬಂದು ನಮ್ಮನ್ನ ಎಳ್ಕೊಂಡು ಹೋಯ್ತು. ಊರಿನೋರು ದಡದಲ್ಲಿ ಹೂವಿನ ಹಾರ ಹಿಡಿದು ನಿಂತಿದ್ರು. ನಮ್ಮ ಸಾಹೇಬ್ರು ಹಾರ ಹಾಕಿಸ್ಕೊಂಡು ನೇರ ವಿಚಾರಣೆಗೆ ಹೋದ್ರು.

ಹಡಗು ತಳ ತಾಗಿಸಿದ್ರೆ ಕ್ಯಾಪ್ಟನ್ನಿಗೆ ವಿಚಾರಣೆ ತಪ್ಪಿದ್ದಲ್ಲ. ದಡದ ಮಾತು ಮೀರಿ ಒಳಗೆ ಹೋಗಿದ್ದನ್ನ ಜನ ಉಳಿದರಲ್ಲ ಅಂತ ಮಾಫಿ ಮಾಡಬಹುದಿತ್ತು. ಮಿಕ್ಕಿದ್ದೆಲ್ಲ ನಿಂತಿದ್ದು ಒಂದು ಪ್ರಶ್ನೆ ಮೇಲೆ. ಆಳ ಸಾಲದು ಅಂತ ಕಿರಿಯರು ಕೂಗಿದ್ದು ಕ್ಯಾಪ್ಟನ್ನಿಗೆ ಕೇಳಿಸಿತ್ತೋ ಇಲ್ಲವೋ? ಗಾಳಿಗೆ ಕೇಳಿಸಲಿಲ್ಲ ಅಂದ್ರೆ ಅದು ಅಪಘಾತ. ಕೇಳಿಸಿಯೂ ನುಗ್ಗಿದ್ರೆ ಎಚ್ಚರಿಕೆಯನ್ನೂ ಆದೇಶವನ್ನೂ ಬೇಕಂತಲೇ ಮೀರಿದ ಹಾಗೆ, ಅಂಥ ಮಚ್ಚೆ ಹೊತ್ತವರು ದಿಲ್ಲಿ ಕುರ್ಚಿಯ ಹತ್ತಿರಕ್ಕೂ ಹೋಗೋದಿಲ್ಲ. ಕಿರಿಯ ಅಧಿಕಾರಿಗೆ ತಾವು ಕೂಗಿದ್ದಷ್ಟೇ ಗೊತ್ತು. ‘ಸ್ಟೆಡಿ’ ಅನ್ನೋದನ್ನ ನನ್ನ ಬಾಯಲ್ಲಿ ಎಲ್ಲರೂ ಕೇಳಿದ್ರು. ಆ ಗಾಳಿಯಲ್ಲಿ ಅವರ ಮೆತ್ತಗಿನ ‘ಐ ನೋ’ ಕೇಳಿಸಿದ್ದು ಬೆನ್ನು ತಾಗೋ ಹಾಗೆ ನಿಂತಿದ್ದ ನನಗೊಬ್ಬನಿಗೆ.

ಮೆಸ್ಸಿನಲ್ಲಿ ಎಲ್ಲರೂ ನನ್ನ ಸುತ್ತ ಕೂತ್ರು. ಗಾಳಿ ಜೋರಿತ್ತು, ಬರೀ ಸ್ಟೆಡಿ ಅಂದಿದ್ದು ಕೇಳಿಸಿತು ಅಂತ ಹೇಳಿಬುಡು ನಾರಿಯಲ್, ಯಾರಪ್ಪನ ಗಂಟು ಹೋಗುತ್ತೆ ಅಂದ್ರು. ಜನರ ಪ್ರಾಣ ಉಳಿಸಿದ ಮನುಷ್ಯನಿಗೆ ಒಂದು ಸುಳ್ಳು ಹೇಳೋದು ಪಾಪವಾ ಅಂದ್ರು. ನಾನೂ ಹಾಗೇ ಹೇಳೋದು ಅಂತ ನಿರ್ಧಾರ ಮಾಡಿಕೊಂಡಿದ್ದೆ. ಬೆಳಿಗ್ಗೆ ವಿಚಾರಣೆಯ ಕೋಣೆ ಹೊರಗೆ ಕಾಯ್ತಾ ನಿಂತಿದ್ದೆ. ಸಾಹೇಬ್ರು ಒಳಗೆ ಹೋಗೋಕೆ ಬಂದೋರು ನನ್ನ ಮುಂದೆ ಒಂದು ಗಳಿಗೆ ನಿಂತು, ಮೆಲ್ಲಗೆ ಕನ್ನಡದಲ್ಲಿ ಅಂದ್ರು:

“ಚಕ್ರ ಹಿಡಿದಾಗ ಹೇಗೆ ಹೇಳ್ತೀಯೋ ಹಾಗೇ ಹೇಳು. ಕೇಳಿದ್ದಷ್ಟು.”

ಅಷ್ಟೇ. ಒಳಗೆ ಹೋಗಿ ಗೋಡೆ ಪಕ್ಕ ಕೂತ್ರು. ನನ್ನನ್ನ ಅವರಿಗಿಂತ ಮೊದಲು ಕರೆದ್ರು. ವಿಚಾರಣೆ ಮಾಡ್ತಿದ್ದ ಹಿರಿಯರು ನೌಕಾಪಡೆಯಿಂದ ಬಂದಿದ್ದೋರು, ತಲೆ ಬೆಳ್ಳಗಾಗಿತ್ತು. ಕ್ಯಾಪ್ಟನ್ ಏನಂದ್ರು ಅಂತ ಕೇಳಿದ್ರು. ‘ಸ್ಟೆಡಿ’ ಅಂದ್ರು ಅಂತ ಹೇಳಿದೆ. ಅದಕ್ಕೆ ಮುಂಚೆ ಏನಾದ್ರೂ ಅಂದ್ರಾ ಅಂತ ಕೇಳಿದ್ರು. ಅವತ್ತು ಗಾಳಿ ಜೋರಿತ್ತು ಅಂತ ಎಲ್ಲರೂ ಹೇಳ್ತಿದ್ದಾರೆ, ಯೋಚನೆ ಮಾಡಿ ಹೇಳು ಅಂದ್ರು. ಈಗ ನೆನೆಸಿಕೊಂಡ್ರೆ ಆ ಮನುಷ್ಯನೂ ನನಗೆ ಬಾಗಿಲು ತೆಗೆದು ತೋರಿಸ್ತಿದ್ರೇನೋ ಅನ್ನಿಸುತ್ತೆ. ನಾನು ಸಾಹೇಬರ ಕಡೆ ನೋಡಲಿಲ್ಲ. ಬೆನ್ನ ಹಿಂದೆ ಎಲ್ಲೋ ಅವರ ಉಸಿರು ಕೇಳಿಸ್ತಿತ್ತು. ಬಾಯಿ ತನ್ನಷ್ಟಕ್ಕೇ ತೆರೆದುಕೊಂಡಿತು.

“ಐ ನೋ, ಸ್ಟೆಡಿ ಅಂದ್ರು, ಸಾರ್.”

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ರು. ಆಮೇಲೆ ಸಾಹೇಬರನ್ನ ಕೇಳಿದ್ರು, ಅವರು ಎದ್ದು ನಿಂತು ಹೌದು, ಹಾಗೇ ಅಂದೆ ಅಂದ್ರು. ಹೊರಗೆ ಬಂದು ನಾನು ಗೋಡೆಗೆ ಒರಗಿಕೊಂಡು ಹುಡುಗನ ಹಾಗೆ ಅತ್ತೆ. ಮೆಸ್ಸಿನಲ್ಲಿ ಎಷ್ಟೋ ದಿನ ಯಾರೂ ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ.

ಮೇಲಿನವರ ಅಸಮಾಧಾನ ಅಂತ ಅವರ ಸೇವಾ ಪುಸ್ತಕದಲ್ಲಿ ದಾಖಲಾಯ್ತು. ಅವರನ್ನ ಹಡಗಿನಿಂದ ಇಳಿಸಿ ದಡದ ಕಚೇರಿಗೆ ಹಾಕಿದ್ರು. ನಮ್ಮ ಪಡೆಯಲ್ಲಿ ಕ್ಯಾಪ್ಟನ್ ಹಡಗು ಬಿಟ್ಟು ಹೋಗೋವಾಗ ಅವರ ಗಾಡಿಗೆ ಹಗ್ಗ ಕಟ್ಟಿ ಎಲ್ಲರೂ ಎಳ್ಕೊಂಡು ಹೋಗಿ ಕಳಿಸಿಕೊಡೋದು ವಾಡಿಕೆ. ಅವರು ಅದು ಬೇಡ ಅಂದ್ರು, ನಾವು ಕೇಳಲಿಲ್ಲ. ಎಳೆಯೋವಾಗ ನಾನು ಹಗ್ಗದ ತುದಿಯಲ್ಲಿದ್ದೆ, ತಲೆ ಎತ್ತಲಿಲ್ಲ. ಆಮೇಲೆ ಎಷ್ಟೋ ವರ್ಷ ಅವರನ್ನ ನೋಡೋದಿರಲಿ, ಅವರ ದನಿ ಕೂಡ ಕೇಳಲಿಲ್ಲ. ಒಂದು ಕಾಗದ ಬರೆಯೋಕೂ ಮುಖ ಇರಲಿಲ್ಲ. ಅವರಿಗೆ ಬರಬೇಕಿದ್ದ ಕುರ್ಚಿಯನ್ನ ನನ್ನ ಬಾಯಿಂದಲೇ ತಪ್ಪಿಸಿದೆ ಅನ್ನೋದು ಎದೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು.

ಅವರ ನಂತರ ಎಷ್ಟೋ ಕ್ಯಾಪ್ಟನ್ನುಗಳು ಬಂದ್ರು. ಹೆಚ್ಚಿನೋರು ನಮ್ಮೋರೇ. ನೌಕಾಪಡೆಯಿಂದ ಬರೋದು ಕಮ್ಮಿಯಾಗ್ತಾ ಬಂತು. ಕೆಲಸದ ರೀತಿಯೂ ಬದಲಾಯ್ತು. ನಾನು ಸೇರಿದಾಗ ತೋಳಷ್ಟು ಅಗಲದ ಚಕ್ರ ಇತ್ತು, ನಿವೃತ್ತಿ ಹೊತ್ತಿಗೆ ತಟ್ಟೆಯಷ್ಟಾಗಿತ್ತು. ಪೆನ್ಸಿಲ್ ಹಿಡಿದು ನಕ್ಷೆ ಮೇಲೆ ಗೆರೆ ಎಳೀತಿದ್ದ ಜಾಗದಲ್ಲಿ ಪರದೆ ಬಂತು, ದಾರಿ ಅದೇ ತೋರಿಸುತ್ತೆ. ಅದೆಲ್ಲ ಒಳ್ಳೆಯದೇ, ಮಂಜಿನಲ್ಲಿ ದೀಪಸ್ತಂಭ ತಪಾಸಣೆ ಮಾಡೋದು ತಪ್ಪಿತು. ಆದ್ರೆ ಇನ್ನೊಂದು ಬದಲಾವಣೆ ನಿಮಗೆ ಹೇಳಬೇಕು. ಆಗ ಹಡಗು ಬಂದರು ಬಿಟ್ರೆ ಕ್ಯಾಪ್ಟನ್ನೇ ರಾಜ. ರೇಡಿಯೋ ಇದ್ರೂ ನಿರ್ಧಾರ ಅವನದೇ, ತಪ್ಪಾದ್ರೂ ಅವನ ತಲೆಯೇ. ಈಗ ಉಪಗ್ರಹದ ಫೋನು ಇದೆ, ಹಡಗು ಎಲ್ಲಿದೆ ಅಂತ ದಡದಲ್ಲಿ ಕೂತವರಿಗೆ ಕ್ಯಾಪ್ಟನ್ನಿಗಿಂತ ಮೊದಲೇ ಗೊತ್ತು. ಎಲ್ಲದಕ್ಕೂ ಕೇಳಿ ಮಾಡ್ತಾರೆ. ಜನ ಸುರಕ್ಷಿತ, ಹಡಗು ಸುರಕ್ಷಿತ. ಆದ್ರೆ ಚಕ್ರ ಹಿಡಿದವನ ಬೆನ್ನ ಹಿಂದೆ ನಿಂತು ‘ಐ ನೋ’ ಅನ್ನೋ ದನಿಯನ್ನ ನಾನು ಮತ್ತೆ ಕೇಳಲಿಲ್ಲ. ಅದು ಬೇಕು ಅಂತ ಈಗಲೂ ಅನ್ನಿಸುತ್ತೆ.

ಇನ್ನೇನು ನನ್ನ ನೌಕರಿ ಮುಗಿಯೋಕೆ ಸ್ವಲ್ಪ ಕಾಲ ಇದೆ ಅನ್ನೋವಾಗ ರಜಾದಲ್ಲಿ ಊರಿಗೆ ಬಂದಿದ್ದೆ. ತುರುವೇಕೆರೆಯಲ್ಲಿ ನನ್ನ ಗೆಳೆಯ ಅನ್ವರನ ಟೈಲರ್ ಅಂಗಡಿಯಲ್ಲಿ ಕೂತಿದ್ದೆ. ಅಲ್ಲಿ ಪೇಪರ್ ಬಿಡಿಸಿದ್ರೆ ಒಳಗಿನ ಪುಟದಲ್ಲಿ ಚಿಕ್ಕ ಸುದ್ದಿ: ನಮ್ಮ ಪಡೆಯಲ್ಲೇ ಬೆಳೆದ ಅಧಿಕಾರಿಯೊಬ್ಬರು ಮೊದಲ ಬಾರಿಗೆ ಪಡೆಯ ಮುಖ್ಯಸ್ಥರಾಗಿದ್ದಾರೆ. ನಾನು ಎದ್ದು ನಿಂತುಬಿಟ್ಟೆ. ಅನ್ವರ್ ಹೊಲಿಯೋದು ನಿಲ್ಲಿಸಿ ಏನಾಯ್ತೋ ಅಂದ. ನಮ್ಮೋರು ಕುರ್ಚಿ ಮೇಲೆ ಕೂತ್ರು ಕಣ್ಲಾ ಅಂದೆ. ಅವನು ಪಕ್ಕದ ಅಂಗಡಿಯಿಂದ ಜಿಲೇಬಿ ತರಿಸಿದ. ಬಾಯಿಗೆ ಇಟ್ಕೊಂಡೆ. ಕಣ್ಣಲ್ಲಿ ನೀರು ಸುರಿಯೋಕೆ ಶುರುವಾಯ್ತು.

“ಅಲ್ಲ ಕಣ್ಲಾ, ನಿಮ್ಮೋರೇ ತಾನೆ ಆಗಿದ್ದು? ಅಳೋದ್ಯಾಕೆ?” ಅಂದ ಅನ್ವರ್.

ನಮ್ಮೋರೇ, ಆದ್ರೆ ನಮ್ಮ ಶಾನಭಾಗ ಸಾಹೇಬ್ರಲ್ಲ ಅಂದೆ. ಕೂತವರು ಯೋಗ್ಯರು, ಅದರಲ್ಲಿ ಎರಡು ಮಾತಿಲ್ಲ. ಅವರ ಕೈಕೆಳಗೂ ಸಂತೋಷವಾಗಿ ಕೆಲಸ ಮಾಡಿದೆ. ಹಳೇ ನಾವಿಕರ ಆಸೆ ತೀರಿತು ಅಂತ ಹೆಮ್ಮೆಯೂ ಆಯ್ತು. ಆದ್ರೂ ಆ ಜಿಲೇಬಿ ರುಚಿ ನನಗೆ ಗೊತ್ತಾಗಲಿಲ್ಲ. ಸಾಹೇಬ್ರು ಅಷ್ಟರಲ್ಲಿ ನಿವೃತ್ತರಾಗಿ ಊರು ಸೇರಿದ್ರು. ಅವರು ಆ ಸುದ್ದಿಯನ್ನ ಎಲ್ಲಿ ಕೂತು ಓದಿದ್ರೋ, ಅವರ ಪಕ್ಕ ಯಾರಿದ್ರೋ ಅಂತ ಅವತ್ತೆಲ್ಲ ಅದೇ ಯೋಚನೆ.

ನಿವೃತ್ತನಾಗಿ ಬಂದು ತೋಟ ನೋಡ್ಕೊಂಡಿದ್ದೀನಿ. ತೆಂಗಿನ ತೋಟದ ಗಾಳಿ ಸಮುದ್ರದ ಹಾಗೇ ಸದ್ದು ಮಾಡುತ್ತೆ ಅಂತ ಯಾರೋ ಪುಸ್ತಕದೋರು ಹೇಳಬಹುದು, ನಂಬಬೇಡಿ, ಒಂದು ಚೂರೂ ಹೋಲಿಕೆ ಇಲ್ಲ. ಕಾಲ ಕೆಳಗೆ ನೆಲ ಅಲ್ಲಾಡದೆ ನಿಂತಿರೋದು ನನಗೆ ಈಗಲೂ ಬೇಜಾರು. ಗೌರಮ್ಮ ಕೂಗಿ ಕರೆದ್ರೆ ತಿರುಗಿ ನೋಡದೆ ಉತ್ತರ ಕೊಡ್ತೀನಿ, ಅದಕ್ಕೊಂದು ಬೈಗುಳ ಗ್ಯಾರಂಟಿ.

ಹೋದ ವರ್ಷ ಒಂದು ಮಧ್ಯಾಹ್ನ ಕೊಬ್ಬರಿ ಒಡೀತಾ ಕೂತಿದ್ದೆ. ತೋಟದ ಬದುವಿನ ಹತ್ರ ಕಾರು ನಿಂತಿತು. ಯಾರೋ ಕೊಬ್ಬರಿ ವ್ಯಾಪಾರದೋರು ಅಂದ್ಕೊಂಡು ತಲೆ ಎತ್ತಲಿಲ್ಲ. ಹಿಂದಿನಿಂದ ಮೆತ್ತಗೆ ದನಿ ಬಂತು.

“ಅಟ್ಟದ ಮೇಲೆ ಎಷ್ಟು ತಿಂಗಳು ಬಿಟ್ಟಿದ್ದೆ ಮಾರಾಯ ಇದನ್ನ?”

ಕೈಯಲ್ಲಿದ್ದ ಮಚ್ಚು ಅಲ್ಲೇ ಬಿತ್ತು. ತಿರುಗೋಕೆ ಒಂದು ಗಳಿಗೆ ಧೈರ್ಯ ಸಾಲಲಿಲ್ಲ. ತಿರುಗಿ ನೋಡ್ತೀನಿ, ಸಾಹೇಬ್ರು. ತೆಳ್ಳಗಾಗಿದ್ರು, ಕೈಯಲ್ಲಿ ಕೋಲು. ಹಾಸನದಲ್ಲಿ ನೆಂಟರ ಮನೆಗೆ ಬಂದಿದ್ರಂತೆ, ಹಳೇ ನಾವಿಕರನ್ನ ವಿಚಾರಿಸಿ ಊರು ತಿಳ್ಕೊಂಡು ಬಂದಿದ್ರು. ಕಾಲು ಮುಟ್ಟೋಕೆ ಹೋದೆ, ಬಿಡಲಿಲ್ಲ. ಗೌರಮ್ಮ ಎಳನೀರು ಕೊಟ್ಟು ಮುದ್ದೆ ತಿರುವೋಕೆ ಒಳಗೆ ಹೋದಳು. ಅವರು ಅಟ್ಟ ನೋಡಿದ್ರು, ಮರ ನೋಡಿದ್ರು, ನಮ್ಮ ತೆಂಗಿಗೆ ಉಪ್ಪಿನ ಗಾಳಿ ತಾಗದೆ ಕಾಯಿ ಚಿಕ್ಕದಾಗಿದೆ ಅಂತ ಹಳೇ ವಾದ ತೆಗೆದ್ರು. ನಾನು ನಗೋಕೆ ಪ್ರಯತ್ನಪಟ್ಟೆ. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದು ಬಾಯಿಗೆ ಬಂದು ನಿಂತಿತ್ತು. ಕೊನೆಗೆ ಕೇಳಿಯೇಬಿಟ್ಟೆ.

“ಸಾರ್, ಅವತ್ತು ನಾನು ಗಾಳಿಗೆ ಕೇಳಿಸಲಿಲ್ಲ ಅಂದಿದ್ರೆ?”

ಅವರು ಎಳನೀರಿನ ಬುರುಡೆ ಕೆಳಗಿಟ್ರು. ದೊಡ್ಡ ಮನುಷ್ಯರು ಹೇಳೋ ಹಾಗೆ, ನನಗೆ ಆ ಕುರ್ಚಿ ಬೇಕಿರಲಿಲ್ಲ, ನೀನು ಮಾಡಿದ್ದೇ ಸರಿ ಅಂತಾರೆ ಅಂದ್ಕೊಂಡಿದ್ದೆ. ಅವರು ಹಾಗೆ ಅನ್ನಲಿಲ್ಲ.

“ಅಂದಿದ್ರೆ ನಾನೂ ಸುಮ್ಮನೆ ಕೂತಿರ್ತಿದ್ದೆ” ಅಂದ್ರು. “ಹೊರಗೆ ನಿನಗೆ ಕೇಳಿದ್ದಷ್ಟು ಹೇಳು ಅಂದೆ. ಒಳಗೆ ಹೋಗಿ ಕೂತವನು, ದೇವರೇ, ಇವನು ಒಂದು ಸುಳ್ಳು ಹೇಳಲಿ ಅಂತ ಬೇಡಿಕೊಂಡೆ. ಅಷ್ಟು ಬೇಕಿತ್ತು ನನಗೆ ಆ ಕುರ್ಚಿ. ಈಗಲೂ ಬೇಕು ಅನ್ನಿಸ್ತದೆ ಮಾರಾಯ, ಈ ವಯಸ್ಸಿನಲ್ಲೂ.”

“ನಮಗೂ ಬೇಕಿತ್ತು ಸಾರ್” ಅಂದೆ.

ಅವರು ಕೋಲು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದ್ರು.

“ನೀನು ಸುಳ್ಳು ಹೇಳಿದ್ದಿದ್ರೆ ಕುರ್ಚಿ ಸಿಗ್ತಿತ್ತೋ ಏನೋ. ಆದ್ರೆ ನಿನ್ನ ಮನೆ ಬಾಗಿಲಿಗೆ ಬರೋಕೆ ನನಗೆ ಮುಖ ಇರ್ತಿರಲಿಲ್ಲ.”

ಊಟಕ್ಕೆ ಎಬ್ಬಿಸಿದಳು ಗೌರಮ್ಮ. ಮುದ್ದೆ ಮುರಿಯೋಕೆ ಬರದೆ ಒದ್ದಾಡಿದ್ರು, ಅವರೆಕಾಳಿನ ಸಾರು ಮಾತ್ರ ಎರಡು ಸಲ ಹಾಕಿಸ್ಕೊಂಡ್ರು. ಇಷ್ಟು ಮಂದಿ ಮೇಲಧಿಕಾರಿಗಳಲ್ಲಿ ನನ್ನಿಂದ ಏನನ್ನೂ ಬೇಡದ ಒಬ್ಬರು ಅಂದ್ರೆ ಇವರು ಅಂತ ನಾನು ನಂಬಿಕೊಂಡು ಬಂದಿದ್ದೆ. ಅವರೂ ಒಂದೇ ಒಂದನ್ನ ಬೇಡಿದ್ರು, ಬಾಯಿ ಬಿಟ್ಟು ಅಲ್ಲ. ಅದನ್ನ ನಾನು ಕೊಡಲಿಲ್ಲ. ಕೊಡದೇ ಇದ್ದಿದ್ದಕ್ಕೇ ಕೋಲೂರಿಕೊಂಡು ನಮ್ಮ ಮನೆ ಹುಡುಕ್ಕೊಂಡು ಬಂದಿದ್ರು.